ಪರದೆಯ ಮೂಲೆಯ ಎರಡು

ರೆಜಿನಾಳಿಗೆ ಯಾರೋ ಒಬ್ಬರಿದ್ದಾರೆ ಎಂದು ಜೊತೆಗೆ ಕೆಲಸ ಮಾಡುವ ಆನ್ಸಿ ತೀರ್ಮಾನಿಸಿಯಾಗಿತ್ತು. ಇಲ್ಲದಿದ್ದರೆ ಐವತ್ತು ದಾಟಿದ ಈ ನರ್ಸಮ್ಮ ಭಾನುವಾರ ಸಂಜೆಯಾದರೆ ಸಾಕು, ಕ್ಲಿನಿಕ್ಕಿನಿಂದ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡುವುದೇಕೆ?

"ಇವತ್ತಾದ್ರೂ ಸನದ್‌ನ ನಮ್ಮ ಮನೆಗೆ ಬನ್ನಿ ರೆಜಿನಾ ಬಾಯಿ. ಕೋರಿ ರೊಟ್ಟಿ ಮಾಡಿದ್ದೇನೆ."

"ಆಗ್ಲಿಕ್ಕಿಲ್ಲ ಮಾರಾಯ್ತಿ. ಒಬ್ಬರು ಕಾಯ್ತಾರೆ."

"ಯಾರು ಅಂತ ಹೇಳಿ. ನಾನು ಯಾರಿಗೂ ಹೇಳುದಿಲ್ಲ."

"ನನಗೇ ಗೊತ್ತಿಲ್ಲ."

ಆನ್ಸಿ ಕಣ್ಣು ಹೊಡೆದಳು. ರೆಜಿನಾ ಹೇಳಿದ್ದು ಮಾತ್ರ ಅಪ್ಪಟ ಸತ್ಯ.

ಗಂಡ ಮೌರಿಸ್ ತೀರಿಹೋದ ಮೇಲೆ ಬಹ್ರೇನ್‌ನ ರಿಫಾದ ಆ ಫ್ಲ್ಯಾಟಿನಲ್ಲಿ ಎ.ಸಿ.ಯೊಂದೇ ಸದ್ದು ಮಾಡುತ್ತಿತ್ತು. ಮಕ್ಕಳಿಲ್ಲ. ಅಲ್ಲಿ ವಾರದ ರಜೆ ಶುಕ್ರವಾರ; ಆ ದಿನದ ಪೂಜೆಗೆ ಚರ್ಚು ತುಂಬುತ್ತಿತ್ತು, ನಿಜ. ಮುಗಿದೊಡನೆ ಎಲ್ಲರೂ ಅವರವರ ಕಾರು ಹತ್ತುತ್ತಿದ್ದರು. ಹೀಗಿರುವಾಗ ಒಂದು ಭಾನುವಾರ, ಹಳೆಯ ಕೀರ್ತನೆಯೊಂದನ್ನು ಫೋನಿನಲ್ಲಿ ಹುಡುಕುತ್ತಿದ್ದವಳಿಗೆ ಅಮೆರಿಕದ ಯಾವುದೋ ಮೂಲೆಯೂರಿನ ಪುಟ್ಟ ಚರ್ಚು ಸಿಕ್ಕಿತು. ಅಲ್ಲಿ ಬೆಳಗಿನ ಪ್ರಾರ್ಥನೆ, ನೇರ ಪ್ರಸಾರ. ಮುದಿ ಪಾದ್ರಿ, ನಾಲ್ಕಾರು ನರೆತ ತಲೆಗಳು. ಪರದೆಯ ಮೂಲೆಯಲ್ಲಿ, ನೋಡುತ್ತಿರುವವರ ಸಂಖ್ಯೆ: ಎರಡು.

ಒಂದು ತಾನು. ಇನ್ನೊಂದು?

ಪ್ರಾರ್ಥನೆ ಮುಗಿದು ಖಾಲಿ ಬೆಂಚುಗಳಷ್ಟೇ ಕಾಣುತ್ತಿದ್ದವು. ಎರಡು ಎರಡಾಗಿಯೇ ಇತ್ತು. ರೆಜಿನಾಳಿಗೆ ಫೋನು ಆರಿಸಲು ಕೈ ಬರಲಿಲ್ಲ. ಜೊತೆಗೆ ಕೂತವರು ಇನ್ನೂ ಉಣ್ಣುತ್ತಿರುವಾಗ ಎಲೆ ಬಿಟ್ಟು ಏಳಬಾರದು ಎಂದು ಅಮ್ಮ ತಲೆಗೆ ಮೊಟಕಿ ಕಲಿಸಿದ್ದಳು. ಅವರು ಏಳಲಿ, ಆಮೇಲೆ ತಾನು ಎಂದು ಕೂತಳು. ಅವರೂ ಏಳಲಿಲ್ಲ. ಕೊನೆಗೆ ಪರದೆಯೇ ಕಪ್ಪಾಯಿತು.

ಅಂದಿನಿಂದ ಈ ಮೂರು ವರ್ಷ ಒಂದು ಭಾನುವಾರವೂ ತಪ್ಪಿಸಿರಲಿಲ್ಲ.

ಪಾದ್ರಿಯ ಬಗ್ಗೆ ಅವಳಿಗೆ ಚಿಂತೆಯೂ ಇತ್ತು. ಜೂನ್ ತಿಂಗಳಲ್ಲೂ ಸ್ವೆಟರ್, ಬಿಡದ ಕೆಮ್ಮು. ಹಬೆ ತೆಗೆದುಕೊಳ್ಳಿ ಎಂದು ಬರೆದು ಹಾಕಿದಳು. ಉತ್ತರವಿಲ್ಲ. ಕ್ರಿಸ್ಮಸ್ ನಕ್ಷತ್ರ ಬೇಸಿಗೆಯಲ್ಲೂ ನೇತಾಡುತ್ತಿತ್ತು. ಏಣಿ ಹತ್ತಲು ಪ್ರಾಯದವರು ಬೇಕಲ್ಲ, ಪಾಪ. ಪ್ರವಚನ ಒಮ್ಮೊಮ್ಮೆ ಹಿಂದೆ ಕೇಳಿದ ಹಾಗೇ ಇರುತ್ತಿತ್ತು. ಮುದುಕರು ಹೇಳಿದ್ದನ್ನೇ ಹೇಳುತ್ತಾರೆ. ಅದಕ್ಕೆಲ್ಲ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಅವಳು ನೋಡುತ್ತಿದ್ದುದು ಮೂಲೆಯ ಆ ಎರಡನ್ನು.

ಮೊನ್ನೆ ಒಂದು ಸಂದೇಶ ಬಂತು. ಬರೆದವಳು ಲಾರೆಲ್. ಅಮೆರಿಕದ ಸಮಾಜದಲ್ಲಿ ಧರ್ಮದ ಪಾತ್ರವೇನೆಂದು ಅಧ್ಯಯನ ಮಾಡುವ ವಿದ್ವಾಂಸರ ತಂಡದವಳಂತೆ. ಆ ಚರ್ಚಿನ ಪುಟ ಈ ತಿಂಗಳ ಕೊನೆಗೆ ಮುಚ್ಚುತ್ತದೆ, ಅದಕ್ಕೆ ಮೊದಲು ನಿಮ್ಮೊಡನೆ ಮಾತಾಡಬೇಕು ಎಂದಿತ್ತು. ಪುಟ ಮುಚ್ಚಿದರೆ ಆ ಇನ್ನೊಬ್ಬರನ್ನು ಎಲ್ಲಿ ಹುಡುಕುವುದು? ಹೆಸರಾದರೂ ಬೇಡವೇ?

ಅದಕ್ಕೇ ಇವತ್ತು ಹಬ್ಬದ ಸೀರೆ ಉಟ್ಟಳು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕೂತಳು. ಪರದೆಯ ಮೇಲೆ ಕನ್ನಡಕದ ಹುಡುಗಿ, ಹಿಂದೆ ಪುಸ್ತಕಗಳ ಗೋಡೆ. ಅವಳ ಮನೆಯಲ್ಲೂ ಬೇರೆ ಯಾರೂ ಇದ್ದಂತೆ ಕಾಣಲಿಲ್ಲ.

"ನಿನ್ನ ಪ್ರಶ್ನೆ ಆಮೇಲೆ ಮಗಳೇ," ಎಂದಳು ರೆಜಿನಾ, ತನಗೆ ಬರುವ ಇಂಗ್ಲಿಷಿನಲ್ಲಿ. "ಮೊದಲು ಒಂದು ಹೇಳು. ನನ್ನ ಜೊತೆ ಕೂರುತ್ತಿದ್ದ ಆ ಇನ್ನೊಬ್ಬರು ಯಾರು? ಅವರಿಗೆ ಬೇರೆ ಯಾರಾದರೂ ಇದ್ದಾರಾ? ಅವರು ಏಳದೆ ನಾನು ಏಳಲಾರೆ."

ಲಾರೆಲ್ ಕನ್ನಡಕ ತೆಗೆದಳು. ಬಹಳ ಹೊತ್ತು ಒರೆಸಿದಳು.

"ಪಾದ್ರಿ ತೀರಿಕೊಂಡು, ಆ ಚರ್ಚಿಗೆ ಬೀಗ ಬಿದ್ದು ಎರಡು ವರ್ಷವಾಯಿತು, ಆಂಟಿ. ಆ ಪುಟ ನೋಡಿಕೊಳ್ಳುತ್ತಿದ್ದ ನಮ್ಮ ಅಧ್ಯಯನವೂ ಮುಗಿದಿತ್ತು. ಬಹ್ರೇನ್‌ನಲ್ಲಿ ಯಾರೋ ಒಬ್ಬರು ಇನ್ನೂ ಕೂತಿದ್ದಾರೆ, ಅವರು ಏಳಲಿ, ಆಮೇಲೆ ನಾನು ಎಂದು, ಪ್ರತಿ ಭಾನುವಾರ ಹಳೆಯ ವಿಡಿಯೊ ಹಾಕಿ ನಿಮ್ಮ ಜೊತೆ ಕೂರುತ್ತಿದ್ದವಳು ನಾನೇ."