ಉದ್ದಣ್ಣನ ಶ್ರುತಿ

"ಸರ್, ಒಂದ್ನಿಮಿಷ ನಿಲ್ಸಿ. ಶ್ರುತಿ ಕೆಳಗಿದೆ," ಎಂದ ಗಾಜಿನ ಆಚೆ ಕುಳಿತಿದ್ದ ರೆಕಾರ್ಡಿಂಗಿನವನು.

ಹಾಡುಗಾರನಿಗೆ ಮೈ ಉರಿದುಹೋಯಿತು. ಅರವತ್ತೆಂಟು ವರ್ಷದ ಕಿವಿಗೆ ನಿನ್ನೆ ಮೊನ್ನೆ ಹುಟ್ಟಿದವನು ಶ್ರುತಿ ಹೇಳಿಕೊಡುವುದೇ? ಬೆಳಿಗ್ಗೆ ಮನೆಯಲ್ಲಿ ಅರ್ಧ ಗಂಟೆ ಕೂತು, ಒಂದೊಂದೇ ತಂತಿಯನ್ನು ಮೀಟಿ ಹದಕ್ಕೆ ತಂದಿದ್ದ. "ನಿಮ್ಮ ಮಷೀನು ಕೆಟ್ಟಿರ್ಬೇಕು ನೋಡಿ," ಎಂದ. ರೆಕಾರ್ಡಿಂಗಿನವನು ಒಳಗೆ ಬಂದು, ಶ್ರುತಿ ತೋರಿಸುವ ಪುಟ್ಟ ಯಂತ್ರವನ್ನು ಗಿಟಾರಿನ ತಲೆಗೆ ಸಿಕ್ಕಿಸಿದ. ಮುಳ್ಳು ನಡುಗೆರೆಯ ಎಡಕ್ಕೆ ನಿಂತಿತು. ಆರು ತಂತಿಗೂ ಅಷ್ಟೇ ಎಡಕ್ಕೆ.

"ತಂತಿ ತಂತಿಗೆ ಜಗಳ ಇಲ್ಲ ಸರ್. ಇಡೀ ಗಿಟಾರೇ ಒಂದೇ ಸಮ ಇಳಿದಿದೆ. ಇಷ್ಟು ವರ್ಷ ಯಾವುದಕ್ಕೆ ಹೊಂದಿಸ್ಕೋತಿದ್ರಿ?"

ಮೂಲೆಯ ಸ್ಟೂಲಿನ ಮೇಲೆ ಫ್ಲಾಸ್ಕು ಹಿಡಿದು ಕುಳಿತಿದ್ದ ಹಾಡುಗಾರನ ಹೆಂಡತಿ ಬಾಯಿ ಹಾಕಿದಳು. "ಇನ್ಯಾವುದಕ್ಕೆ? ಉದ್ದಣ್ಣನ ಪೆಟ್ಟಿಗೆಗೆ."

ಹಾಡುಗಾರ ಈವರೆಗೆ ಒಂಟಿಯಾಗಿ ಹಾಡಿದವನೇ ಅಲ್ಲ. ಹದಿನೇಳರ ವಯಸ್ಸಿನಲ್ಲಿ ಕಟ್ಟಿದ ಮೊದಲ ತಂಡ ಒಬ್ಬೊಬ್ಬರಿಗೂ ಮದುವೆಯಾಗುತ್ತಿದ್ದಂತೆ ಕರಗಿತು. ಎರಡನೆಯದು, ಬೋರ್ಡಿನಲ್ಲಿ ಯಾರ ಹೆಸರು ಮೊದಲು ಬರಬೇಕೆಂಬ ಜಗಳದಲ್ಲಿ ಎಕ್ಕುಟ್ಟಿಹೋಯಿತು. ಮೂರನೆಯದು ಇಪ್ಪತ್ತಾರು ವರ್ಷ ಬಾಳಿತು. ಅದರಲ್ಲಿ ಕೊನೆಗೆ ಉಳಿದವರು ಇಬ್ಬರೇ, ಅವನು ಮತ್ತು ಅಕಾರ್ಡಿಯನ್ ನುಡಿಸುವ ಉದ್ದಣ್ಣ. ಉದ್ದಣ್ಣನ ಪೆಟ್ಟಿಗೆ ಅವನ ತಾತನ ಕಾಲದ್ದು, ತಯಾರಾದಾಗಲೇ ಶ್ರುತಿ ಕೂದಲೆಳೆಯಷ್ಟು ಕೆಳಗೆ. ಗಿಟಾರಿನ ಕಿವಿ ಹಿಂಡಬಹುದು, ಅಕಾರ್ಡಿಯನ್ನಿಗೆ ಹಿಂಡಲು ಕಿವಿಯೇ ಇಲ್ಲ. ಹಾಗಾಗಿ ಉಳಿದವರೇ ಅದಕ್ಕೆ ತಲೆಬಾಗಬೇಕಿತ್ತು. "ಇದನ್ನ ಗುಜರಿಗೆ ಹಾಕೋ ಮಾರಾಯ, ನಿನ್ನಿಂದ ನಾವೆಲ್ಲ ತಗ್ಗಿ ಹಾಡ್ಬೇಕು," ಎಂದು ಹಾಡುಗಾರ ಪ್ರತಿ ಕಾರ್ಯಕ್ರಮಕ್ಕೆ ಮುಂಚೆಯೂ ರೇಗುತ್ತಿದ್ದ. ಉದ್ದಣ್ಣ ಹಲ್ಲು ಕಿರಿದು ಪೆಟ್ಟಿಗೆಯನ್ನು ಹೆಗಲಿಗೇರಿಸುತ್ತಿದ್ದ. ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದವನು ಹಿಂದಿರುಗಲಿಲ್ಲ. ಒಬ್ಬನೇ ಹಾಡಲು ತನ್ನಿಂದ ಆಗುತ್ತದೆಯೇ ಎಂದು ತಿಳಿಯಲೆಂದೇ ಹಾಡುಗಾರ ಇವತ್ತು ಇಲ್ಲಿಗೆ ಬಂದಿದ್ದ. ಆಗದಿದ್ದರೆ ಇನ್ನು ಹಾಡುವುದೇ ಇಲ್ಲವೆಂದು ಹೆಂಡತಿಗೆ ಹೇಳಿಯೂ ಇದ್ದ. ಅದು ಬಾಯಿಮಾತಿಗೆ ಹೇಳಿದ್ದಲ್ಲವೆಂದು ಅವಳಿಗೆ ಗೊತ್ತಿತ್ತು.

"ಸರಿ, ಏರಿಸ್ತೀನಿ," ಎಂದು ಹಾಡುಗಾರ ಬಿರಡೆಗಳನ್ನು ತಿರುಗಿಸಿದ. ಮುಳ್ಳು ನಟ್ಟನಡುವೆ ಬಂದು ನಿಂತಿತು. ಇಪ್ಪತ್ತಾರು ವರ್ಷ ಬೇಕೆಂದು ಜಗಳವಾಡಿದ್ದ ಶ್ರುತಿ ಈಗ ಯಾರ ತಕರಾರೂ ಇಲ್ಲದೆ ಸಿಕ್ಕಿತ್ತು.

ಅಜ್ಜಿಯಿಂದ ಕಲಿತ ದೋಣಿಯವರ ಹಾಡನ್ನು ಎತ್ತಿಕೊಂಡ. ಮೊದಲ ನುಡಿ ದಾಟುವಷ್ಟರಲ್ಲಿ ದನಿ ಗಿಟಾರಿನ ಕೈಬಿಟ್ಟು ಕೆಳಕ್ಕೆ ಜಾರಿತು. ಮತ್ತೆ ಹಾಡಿದ, ಮತ್ತೆ ಜಾರಿತು. ನಾಲ್ಕು ಸಲ ಹೀಗೇ ಆಯಿತು. ಐದನೆಯ ಸಲ ಯಾರೂ ಹೇಳದಿದ್ದರೂ ತಾನೇ ನಿಲ್ಲಿಸಿ ಹೆಡ್‌ಫೋನ್ ತೆಗೆದಿಟ್ಟ. ಹೆಂಡತಿಯ ಮುಂದೆ ನಾಚಿಕೆಯಾಯಿತು.

"ಬಿಡಪ್ಪಾ. ನಂಗೆ ಒಬ್ಬನೇ ಹಾಡೋಕೆ ಬರಲ್ಲ."

ಹೆಂಡತಿ ಫ್ಲಾಸ್ಕನ್ನು ಕೆಳಗಿಟ್ಟಳು. "ಅಲ್ಲಪ್ಪಾ, ಶ್ರುತಿ ಆಗಿನ ಹಾಗೇ ಕೆಳಗಿದ್ರೆ ಏನಾಗುತ್ತೆ?" ಎಂದು ರೆಕಾರ್ಡಿಂಗಿನವನನ್ನು ಕೇಳಿದಳು.

ಅವನು ತಲೆ ಕೆರೆದುಕೊಂಡ. "ಜೊತೇಲಿ ಬೇರೆ ವಾದ್ಯ ಇದ್ರೆ ಎರಡೂ ಕಚ್ಚಾಡ್ತವೆ, ಅಮ್ಮ. ಸರ್ ಒಬ್ರೇ ಅಂದ್ರೆ... ಏನೂ ಆಗಲ್ಲ. ಒಬ್ರೇ ಇರೋವಾಗ ಇಟ್ಟಿದ್ದೇ ಶ್ರುತಿ."

"ಕೇಳಿಸ್ತೇನ್ರೀ? ಇನ್ಯಾಕೆ ತಡ?"

ಹಾಡುಗಾರ ಯಂತ್ರವನ್ನು ಕಿತ್ತು ಪಕ್ಕಕ್ಕಿಟ್ಟ. ಕಣ್ಣು ಮುಚ್ಚಿ ಬಿರಡೆಗಳನ್ನು ಸಡಿಲಿಸುತ್ತಾ, ಕಿವಿಯೊಳಗೆ ಇನ್ನೂ ಇದ್ದ ಆ ಹಳೆಯ ಪೆಟ್ಟಿಗೆಗೆ ತಂತಿಗಳನ್ನು ಹೊಂದಿಸಿದ. ಬೈದುಕೊಂಡೇ ಇಪ್ಪತ್ತಾರು ವರ್ಷ ಹಾಡಿದ್ದೆನಲ್ಲ, ಒಂದು ದಿನವಾದರೂ ಒಳ್ಳೆಯ ಮಾತಾಡಲಿಲ್ಲವಲ್ಲ ಎಂದು ಸಂಕಟವಾಯಿತು. ಆ ಸಂಕಟದಲ್ಲೇ ಹಾಡಿದ. ಐದು ನುಡಿಗಳೂ ಒಂದೇ ಉಸಿರಿಗೆಂಬಂತೆ ಬಂದವು. ದನಿ ಎಲ್ಲಿಯೂ ಜಾರಲಿಲ್ಲ.

ಹಾಡು ಮುಗಿದ ಮೇಲೆ ರೆಕಾರ್ಡಿಂಗಿನವನು ಗುಂಡಿಯೊತ್ತಿ ರೆಕಾರ್ಡಿಂಗ್ ನಿಲ್ಲಿಸಿದ. ಹೆಂಡತಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

"ಇದೇ ಇರ್ಲಿ ಸರ್," ಎಂದ ಅವನು. "ಒಂದೇ ತೊಂದ್ರೆ. ಮುಂದೆ ಯಾವತ್ತಾದ್ರೂ ಇದರ ಜೊತೆ ಅಕಾರ್ಡಿಯನ್ ಸೇರಿಸೋಣ ಅಂದ್ರೆ ಆಗಲ್ಲ. ಈ ಶ್ರುತಿಗೆ ಹೊಂದೋ ಪೆಟ್ಟಿಗೆ ಎಲ್ಲೂ ಸಿಗಲ್ಲ."

"ಒಂದಿದೆಯಪ್ಪಾ," ಎಂದ ಹಾಡುಗಾರ. "ಉದ್ದಣ್ಣನ ಮನೇಲಿ, ಬೀರು ಮೇಲೆ. ಧೂಳು ಒರೆಸೋಕೂ ಅವನ ಹೆಂಡ್ತಿ ಅದನ್ನ ಮುಟ್ಟಲ್ಲ. ಎತ್ತಿದ್ರೆ ಸಾಕು, ಅದರ ತಿದಿ ಅವನ ಹಾಗೇ ಉಸಿರು ಬಿಡುತ್ತಂತೆ."