ಜೋನಿಬೆಲ್ಲದ ಉಂಡೆ

ಹಬ್ಬುವಾಡದ ನಮ್ಮ ಮನೆಯಲ್ಲಿ ಮೊಮ್ಮಗಳು ಕಾಲೇಜಿನ ಗೆಳತಿಯರಿಗೆಂದು ಚುರುಮುರಿ ಉಂಡೆ ಕಟ್ಟುತ್ತಿದ್ದಾಳೆ, ಎಲ್ಲವೂ ಲಿಂಬೆಹಣ್ಣಿನ ಹಾಗೆ ದುಂಡಗೆ. ಆ ಬೆಲ್ಲದ ವಾಸನೆಗೆ ನನ್ನ ಎದೆಯಲ್ಲಿ ಸಂತೋಷ ಹಿಡಿಸಲಾರದಷ್ಟಾಗಿದೆ.

ಅಂಕೋಲೆಯಲ್ಲಿ ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಒಂದು ದಿನ, ಮರುದಿನದಿಂದ ಶಾಲೆ ಬಿಟ್ಟು ತನ್ನ ಜೊತೆ ಮೀನಿನ ಬುಟ್ಟಿ ಹೊರಬೇಕೆಂದು ಅವ್ವಿ ಹೇಳಿದ್ದಳು. ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಿಗೆ ಅದನ್ನು ಹೇಗೆ ಹೇಳುವುದೆಂದು ತಿಳಿಯದೆ, ಉಂಡೆ ಕೊಟ್ಟು ಹೇಳೋಣವೆಂದುಕೊಂಡೆ. ಮಧ್ಯಾಹ್ನದ ಬಿಡುವಿಗೆ ಮನೆಗೆ ಬಂದು ಗಡಿಗೆಯ ಜೋನಿಬೆಲ್ಲ ಕುದಿಸಿ ಚುರುಮುರಿ ಸುರಿದೆ. ನೀರಾಗಿದ್ದ ಆ ಬೆಲ್ಲ ಎಷ್ಟು ಕುದಿಸಿದರೂ ಗಟ್ಟಿಯಾಗಲಿಲ್ಲ. ಉಂಡೆ ಅಂಗೈಯಲ್ಲೇ ಕುಸಿಯಿತು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು.

ಅಷ್ಟರಲ್ಲಿ ಅವ್ವಿ ಬಂದು ಬುಟ್ಟಿ ಇಳಿಸಿದಳು. ಉಂಡೆ ಅಕ್ಕೋರಿಗೆಂದು ಹೇಳಿದೆ. "ಉಂಡೆಗೆ ಅಚ್ಚುಬೆಲ್ಲ ಬೇಕು ಮಗಾ. ಇದನ್ನ ನಿನ್ನ ಅಕ್ಕೋರು ತಿಂಬೂದೋ ಕುಡಿಯೂದೋ?"

"ಅಚ್ಚುಬೆಲ್ಲ ಮನೇಲಿ ಇಲ್ವಲೆ ಅವ್ವಿ."

ಅವಳು ಮೀನಿನ ವಾಸನೆಯ ಕೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೊಳೆದಳು. ಆಮೇಲೆ ಆ ಮುದ್ದೆಯನ್ನೇ ಬಟ್ಟಲಿಗೆ ಹಾಕಿ, ಬಾಳೆಲೆ ಮುಚ್ಚಿ ಕೊಟ್ಟಳು.

ಶಾಲೆಯಲ್ಲಿ ಅಕ್ಕೋರು ಬೆರಳಿನಿಂದ ಒಂದಿಷ್ಟು ತೆಗೆದು ತಿಂದು ನಕ್ಕರು. "ರುಚಿ ಆಗಿದೆ. ನಾಳೆ ಗಟ್ಟಿ ಉಂಡೆ ಮಾಡ್ಕೊಂಡು ಬಾ."

"ಹೂಂ ಅಕ್ಕೋರೇ," ಎಂದೆ.