ಎಡೆ ಇಡದ ಲೇಪ

"ಮೊದ್ಲು ಅವ್ಳಿಗೆ ಹಚ್ಚು ಕಣವ್ವ, ಆಮೇಲೆ ನಿನ್ ಮೊಕಕ್ಕೆ," ಎಂದಳು ನೆರೆಮನೆಯ ದೊಡ್ಡತಾಯಮ್ಮ, ಅರೆದ ಲೇಪದ ಬಟ್ಟಲನ್ನು ನೀಲಾಂಬಿಕೆಯ ಮುಂದೆ ತಳ್ಳುತ್ತ. 'ಅವಳು' ಎಂದರೆ ನೀಲಾಂಬಿಕೆಯ ಕೊರಳಲ್ಲಿ ತಾಳಿಯ ಪಕ್ಕದಲ್ಲೇ ತೂಗುತ್ತಿದ್ದ ಹೆಬ್ಬೆಟ್ಟಿನಗಲದ ಚಿನ್ನದ ಬಿಲ್ಲೆ. ಅದರ ಮೇಲೆ ಅಕ್ಕಸಾಲಿ ಎಬ್ಬಿಸಿದ ಒಂದು ಹೆಣ್ಣಿನ ಮುಖವಿತ್ತು. ಗಂಡ ಷಣ್ಮುಖಪ್ಪನ ಮೊದಲ ಹೆಂಡತಿ ಪುಟ್ಟಮಾದಮ್ಮನ ಮುಖ. ಮದುವೆಯಾಗಿ ಇನ್ನೂ ಮೈಯ ಅರಿಸಿನ ಮಾಸದಿರುವಾಗಲೇ, ನೀರಿಗೆಂದು ಹೋದವಳು ಬಾವಿಯಲ್ಲಿ ಕಾಲು ಜಾರಿ ಸತ್ತಿದ್ದಳು. ಸತ್ತ ಸವತಿ ಮುನಿಯದಿರಲಿ ಎಂದು ಎರಡನೆಯವಳ ಕೊರಳಿಗೆ ಅವಳ ಬಿಲ್ಲೆ ಕಟ್ಟುವುದು, ಹೊಸದೇನು ಬಂದರೂ ಮೊದಲು ಅವಳಿಗೆ ಎಡೆ ಇಡುವುದು ಆ ಮನೆತನದ ಪದ್ಧತಿ.

ನೀಲಾಂಬಿಕೆ ಅದನ್ನು ಒಮ್ಮೆಯೂ ತಪ್ಪಿಸಿದವಳಲ್ಲ. ಸೀರೆಯಾಗಲಿ, ಒಂದು ಮೊಳ ಹೂವಾಗಲಿ, ಬಿಲ್ಲೆಗೆ ಮುಟ್ಟಿಸಿದ ಮೇಲೆಯೇ ತನಗೆ. ಬದುಕಿರುವ ಸವತಿಯಾದರೆ ಜಗಳವಾಡಬಹುದು, ಜುಟ್ಟು ಹಿಡಿಯಬಹುದು. ಸತ್ತವಳನ್ನು ಏನು ಮಾಡುವುದು? ಅವಳಿಗೆ ವಯಸ್ಸೂ ಆಗುವುದಿಲ್ಲ. ಪಿರಿಯಾಪಟ್ಟಣದ ಆಚೆಯ ಆ ಹೊಲದಲ್ಲಿ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಗೆ ಸೌದೆ ಒಡ್ಡಿ ಒಡ್ಡಿ ನೀಲಾಂಬಿಕೆಯ ಮುಖ ಐವತ್ತು ತುಂಬುವ ಮೊದಲೇ ಒಣಗಿದ ಸೊಪ್ಪಿನಂತಾಗಿತ್ತು. ಬಿಲ್ಲೆಯ ಮುಖ ಮಾತ್ರ ಅಕ್ಕಸಾಲಿ ಕೊಟ್ಟ ದಿನದಷ್ಟೇ ನುಣುಪಾಗಿತ್ತು.

ಅದನ್ನೂ ಅವಳು ನುಂಗಿಕೊಂಡಿದ್ದಳು. ಆದರೆ ನಯಾಪೈಸೆ ಬಂದ ವರ್ಷ ಷಣ್ಮುಖಪ್ಪನಿಗೆ ಲಕ್ವ ಹೊಡೆಯಿತು. ಅರ್ಧ ಮೈಯ ಜೊತೆ ಅರ್ಧ ನೆನಪೂ ಹೋಯಿತು. ಗಂಜಿ ಕುಡಿಸಲು ಬಗ್ಗಿದ ಹೆಂಡತಿಯ ಸುಕ್ಕು ಮುಖವನ್ನೇ ದಿಟ್ಟಿಸಿ ಅವನು ತೊದಲುತ್ತ "ಅವ್ವಾ" ಎಂದ. ಮಾರನೆಯ ದಿನವೂ ಅವ್ವಾ. ಹುಣಸೂರಿನ ಅಂಗಡಿಯಿಂದ ತರಿಸಿದ ಸ್ನೋ ಬಾಟಲಿಯ ತಳ ಕಂಡಿತೇ ಹೊರತು ಸುಕ್ಕು ಕದಲಲಿಲ್ಲ. ಅವನು ಕಣ್ಣು ಮುಚ್ಚುವುದರೊಳಗೆ ಒಂದೇ ಒಂದು ಸಲ ತನ್ನನ್ನು 'ನೀಲ' ಎಂದು ಹೆಸರು ಹಿಡಿದು ಕರೆಯಲಿ, ಅಷ್ಟೇ ಅವಳ ಆಸೆ. ಅದಕ್ಕೇ ದೊಡ್ಡತಾಯಮ್ಮ ಹಾಲಿನ ಕೆನೆ, ಲೋಳೆಸರದ ತಿರುಳು, ಕಸ್ತೂರಿ ಅರಿಸಿನದ ಜೊತೆ ತಾನು ಹೆಸರು ಹೇಳದ ಒಂದು ಬೇರನ್ನೂ ಸೇರಿಸಿ ಅರೆದು ತಂದಿದ್ದಳು.

"ಎಲ್ಲಾನೂ ಅವ್ಳಿಗೇ ಮೊದ್ಲು ಕೊಟ್ಟಿವ್ನಿ ಕಣಮ್ಮ," ಎಂದಳು ನೀಲಾಂಬಿಕೆ. "ನಾನ್ ಉಟ್ಟಿದ್ದೆಲ್ಲ ಅವ್ಳು ಉಟ್ಟು ಬುಟ್ಟಿದ್ದೇಯ. ಅವ್ಳಿಗ್ಯಾಕೆ ಸುಕ್ಕಿನ್ ಔಸ್ದಿ? ಇದೊಂದು ನಂದು."

"ಅಂಗನ್ಬ್ಯಾಡ. ಎಡೆ ತಪ್ಪುದ್ರೆ ಅವ್ಳು ಬ್ಯಾರೆ ಏನಾರ ತಕೊಂಡಾಳು."

"ತಕಳಕ್ಕೆ ಇನ್ನೇನ್ ಉಳ್ಸವ್ಳೆ ಬುಡು."

ಹೀಗೆಂದವಳೇ ಬಿಲ್ಲೆಯನ್ನು ಕಾಣದಂತೆ ಬೆನ್ನಿನ ಕಡೆಗೆ ಸರಿಸಿ, ಬೊಗಸೆ ತುಂಬ ಲೇಪ ಬಳಿದುಕೊಂಡಳು. "ಒಣಗೋಗಂಟ ನಗಬ್ಯಾಡ, ಅಳಬ್ಯಾಡ," ಎಂದು ದೊಡ್ಡತಾಯಮ್ಮ ಎದ್ದಳು. ಯಾವಾಗಲೂ 'ಬತ್ತೀನಿ' ಎಂದು ಹೇಳಿ ಹೋಗುವವಳು ಅಂದು ಅದನ್ನು ಹೇಳದೆ ಹೊಸ್ತಿಲು ದಾಟಿದಳು.

ಲೇಪ ಬಿಗಿಯುತ್ತ ಬಂತು. ಹಿತ್ತಲಲ್ಲಿ ಸುಡುಬಿಸಿಲು, ಆದರೂ ಬೆನ್ನಿಗೆ ತಾಗಿದ ಬಿಲ್ಲೆ ಬಾವಿಯ ಕಲ್ಲಿನಂತೆ ತಣ್ಣಗಾಯಿತು. ನೀಲಾಂಬಿಕೆಗೆ ಹೆದರಿಕೆಯಾಯಿತು. ಆದರೆ ಅಳುವಂತಿಲ್ಲವಲ್ಲ, ಸುಮ್ಮನೆ ಕೂತಳು. ಮುಖ ತೊಳೆದಾಗ ಅಂಗೈಗೆ ಸಿಕ್ಕಿದ್ದು ತನ್ನದೆಂದು ನಂಬಲಾಗದಷ್ಟು ಮೆತ್ತನೆಯ ಕೆನ್ನೆ. ಕನ್ನಡಿ ನೋಡಿದಳು. ಒಂದು ಗೆರೆಯೂ ಇರಲಿಲ್ಲ. ಹಣೆಯಂಚಿಗೆ ಬ್ಯಾರನ್ನಿನ ಕಿಡಿ ಹಾರಿ ಆಗಿದ್ದ ಸುಟ್ಟ ಕಲೆಯೂ ಇರಲಿಲ್ಲ. ಖುಷಿ ತಡೆಯಲಾರದೆ ನಕ್ಕಳು. ಕನ್ನಡಿಯಲ್ಲಿ ಎಡಗೆನ್ನೆಗೆ ಗುಳಿ ಬಿತ್ತು. ತನಗೆ ಹಿಂದೆ ಗುಳಿ ಬೀಳುತ್ತಿತ್ತೇ ಎಂಬುದು ನೆನಪಾಗಲಿಲ್ಲ. ಅದನ್ನೆಲ್ಲ ಯೋಚಿಸಲು ಅವಳಿಗೆಲ್ಲಿಯ ಪುರುಸೊತ್ತು? ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಗಂಡ ಮಲಗಿದ್ದ ಕೋಣೆಗೆ ಓಡಿದಳು.

ಷಣ್ಮುಖಪ್ಪ ಕಣ್ಣು ಬಿಟ್ಟ. ಎಷ್ಟೋ ತಿಂಗಳಿಂದ ಸೊಟ್ಟಗಿದ್ದ ಬಾಯಿ ನೆಟ್ಟಗಾಯಿತು. ಮಾತು ಒಂದಿಷ್ಟೂ ತೊದಲಲಿಲ್ಲ.

"ಬಂದ್ಯಾ ಮಾದೀ? ನೀರಿಗೋದವ್ಳು ಇಷ್ಟೊತ್ ಮಾಡ್ದಲ್ಲ."

ನೀಲಾಂಬಿಕೆ ಅವನ ಮುಖದ ಹತ್ತಿರಕ್ಕೆ ಬಗ್ಗಿದಳು. ಮಂಚದ ಪಟ್ಟಿ ಹಿಡಿದುಕೊಂಡು, "ಅಲ್ಲ ಕಣ್ರೀ, ನಾನು... ನಾನು ನೀಲ. ಸರೀಗ್ ನೋಡ್ರಿ," ಎಂದಳು. ಕೈ ತಾನಾಗಿಯೇ ಬೆನ್ನಿಗೆ ಹೋಗಿ ಬಿಲ್ಲೆಯನ್ನು ಮುಂದಕ್ಕೆ ಎಳೆಯಿತು. ನುಣುಪಾಗಿದ್ದ ಚಿನ್ನದ ಮುಖ ಹೆಬ್ಬೆರಳಿಗೆ ಒರಟೊರಟಾಗಿ ಸಿಕ್ಕಿತು. ಹಣೆಯ ಮೇಲೆ ಗೆರೆ, ಕಣ್ಣಿನ ಕೊನೆಯಲ್ಲಿ ಗೆರೆ, ಬಾಯಿಯ ಎರಡೂ ಪಕ್ಕ ಆಳವಾದ ಗೆರೆ. ಹಣೆಯಂಚಿಗೆ ಒಂದು ಸಣ್ಣ ಕಲೆ. ಅದನ್ನು ಎತ್ತಿ ನೋಡುವ ಧೈರ್ಯ ಅವಳಿಗಾಗಲಿಲ್ಲ.

"ನೀಲ," ಎಂದ ಷಣ್ಮುಖಪ್ಪ, ಎಲ್ಲೋ ದೂರದವರನ್ನು ನೆನೆಸಿಕೊಳ್ಳುವವನಂತೆ. ಅವನ ಕಣ್ಣು ಒದ್ದೆಯಾಯಿತು. "ಒಳ್ಳೇ ಎಂಗ್ಸು ಕಣೆ, ಪಾಪ. ನೀನಿಲ್ದಾಗ ಈ ಮನೇಗೆ ಬಾಳ ಗೇದ್ಲು. ಮಾರ್ನಾಮಿ ಅಬ್ಬಕ್ಕೆ ಅವ್ಳಿಗೂ ಒಂದ್ ಸೀರೆ ಎಡೆಗಿಕ್ಕು, ಮರೀಬ್ಯಾಡ."